ಜಕ್ಕೂರಿನ ಎಕ್ಕದ ಗಿಡ, ಹನ್ನೆರಡು ಫೋಟೋ, ಒಂದು ದುಂಬಿ

ಶನಿವಾರ ಬೆಳಿಗ್ಗೆ ಏಳಕ್ಕೆ ಮತ್ತಿಕೆರೆ ರೂಮಿಂದ ಹೊರಟೆ. ಕೊರಳಲ್ಲಿ ರೂಮ್‌ಮೇಟ್ ಸಲೀಮನ ಅಣ್ಣನ ಕ್ಯಾಮೆರಾ, ಅದ್ರೊಳಗೆ ಹನ್ನೆರಡೇ ಫೋಟೋ ಬರೋ ರೋಲು. ಸೋಮವಾರ ಕಾಲೇಜಲ್ಲಿ ಫೋಟೋ ಸ್ಪರ್ಧೆ. ಹೂವಿನ ಮೇಲೆ ಕೂತಿರೋ ದುಂಬಿ ತೆಗೆದು ಫಸ್ಟ್ ಪ್ರೈಜ್ ಹೊಡೀತೀನಿ, ಇಲ್ದಿದ್ರೆ ಒಂದು ತಿಂಗಳು ರೂಮಿನೋರೆಲ್ಲರ ಬಟ್ಟೆ ಒಗೀತೀನಿ ಅಂತ ಕೊಚ್ಚಿಕೊಂಡಿದ್ದೆ.

ಸಲೀಮ ಬಾಗಿಲಲ್ಲೇ ನಿಂತು, "ನನ್ ಬೆಡ್‌ಶೀಟೂ ಸೇರುತ್ತೆ ಮಚ್ಚಾ" ಅಂದ.

ಹೆಬ್ಬಾಳದಲ್ಲಿ ಬಸ್ ಬದಲಾಯಿಸಿ, ಸೊಪ್ಪು ಮಾರಿ ವಾಪಸ್ ಹೊರಟಿದ್ದ ಖಾಲಿ ಮಂಕರಿಗಳ ಮಧ್ಯೆ ಒಂಟಿಕಾಲಲ್ಲಿ ನಿಂತು ಜಕ್ಕೂರಲ್ಲಿ ಇಳಿದೆ. ಟಿಕೆಟ್ ಅರವತ್ತು ಪೈಸೆ. ಕೆರೆ ಏರಿವರೆಗೆ ಒಂದು ಮೈಲಿ ನಡಿಗೆ. ಏರಿ ಪಕ್ಕ ಎಕ್ಕದ ಗಿಡಗಳು, ಅದ್ರ ಸುತ್ತ ನೇರಳೆ ಹಣ್ಣಿನ ಗಾತ್ರದ ಕಪ್ಪು ದುಂಬಿಗಳು. ಮೇಲೆ ತರಬೇತಿ ವಿಮಾನ ಗುಂಯ್ ಅಂತಿತ್ತು. ಅದೂ ದುಂಬೀನೇ ಅಂತ ಎರಡು ಸಲ ತಿರುಗಿ ನೋಡ್ದೆ.

ಆ ಕ್ಯಾಮೆರಾನ ಮೇಲಿಂದ ಬಗ್ಗಿ ನೋಡ್ಬೇಕು. ಗಾಜಲ್ಲಿ ಎಡ ಬಲ ಎಲ್ಲಾ ಅದಲು ಬದಲು. ದುಂಬಿ ಎಡಕ್ಕೆ ಹಾರಿದ್ರೆ ಗಾಜಲ್ಲಿ ಬಲಕ್ಕೆ ಹೋಗುತ್ತೆ. ನಾನು ನಂಬಿ ಬಲಕ್ಕೆ ತಿರುಗ್ತೀನಿ. ಹೀಗೆ ಅದು ಒಂದು ಕಡೆ, ನಾನು ಒಂದು ಕಡೆ ಕುಣಿದೂ ಕುಣಿದೂ ಹನ್ನೊಂದೂವರೆಗೆ ಹನ್ನೊಂದು ಫೋಟೋ ಮುಗಿದ್ವು. ಹತ್ತರಲ್ಲಿ ಬರೀ ಹೂವು. ಒಂದ್ರಲ್ಲಿ ನನ್ನ ಚಪ್ಪಲಿ.

ಉಳಿದಿದ್ದು ಒಂದೇ. ಉಸಿರು ಬಿಗಿಹಿಡಿದು ಕೂತಿದ್ದಾಗ ಒಬ್ಬರು ಅಜ್ಜಿ ಕುಕ್ಕೆ ಹಿಡ್ಕೊಂಡು ಬಂದು, ಸರಸರ ಅಂತ ಎಕ್ಕದ ಹೂ ಕೀಳೋಕೆ ಶುರು ಮಾಡಿದ್ರು.

"ಅಜ್ಜೀ, ಕೀಳ್ಬೇಡಿ! ಫೋಟೋ ತೆಗೀತಿದೀನಿ!"

"ಗಿಡ ನೀನ್ ನೆಟ್ಟಿದ್ದಾ? ಶನ್ವಾರ ಅನುಮಂತರಾಯಂಗೆ ಆರ ಆಕ್ಬೇಕು. ನಿನ್ ಪೋಟಾ ಸಾಯಂಕಾಲ ತಕ್ಕೊ."

"ದುಂಬಿ ಬೇಕು ಅಜ್ಜಿ. ಹೂವೇ ಇಲ್ದಿದ್ರೆ ಅದು ಬರುತ್ತಾ?"

"ಒತ್ತಾರೆಯಿಂದ ನೋಡ್ತಾವ್ನಿ, ನೀನು ಕ್ವಾಣನ್ ತರ ಕುಣೀತಿದ್ರೆ ದುಂಬಿ ಏನ್ ನಿನ್ ತೊಡೆ ಮ್ಯಾಕ್ ಕೂರ್ತದಾ? ಸುಮ್ಕೆ ನಿಂತ್ಕ."

ತುಂಬಿದ ಕುಕ್ಕೆನ ಎದೆಗೆ ಅವುಚ್ಕೊಂಡು ಅಜ್ಜಿ ಕಲ್ಲಾಗಿ ನಿಂತ್ರು. ನಾನೂ ನಿಂತೆ. ಗುಂಯ್ ಅಂತು. ಅಜ್ಜಿ ಗದ್ದದ ಕೆಳಗಿನ ಹೂವಿನ ಮೇಲೆ ದುಂಬಿ ಬಂದು ಕೂತೇ ಬಿಡ್ತು! ಒತ್ತಿದೆ. ನನ್ನ ಜನ್ಮದಲ್ಲೇ ಕೈ ನಡುಗದೆ ತೆಗೆದ ಒಂದೇ ಫೋಟೋ.

"ಬಂತಾ?" ಅಂದ್ರು ಅಜ್ಜಿ, ತುಟಿ ಅಲ್ಲಾಡಿಸದೆ.

"ಬಂತು ಅಜ್ಜಿ!" ಅಂತ ಕಾಲಿಗೇ ಬಿದ್ದೆ.

ವಾಪಸ್ ಬರ್ತಾ ಸೀದಾ ಯಶವಂತಪುರದಲ್ಲಿ ಇಳಿದು ಸ್ಟುಡಿಯೋಗೆ ಹೋದೆ. ಗಂಡಿನ ಕಡೆಯೋರಿಗೆ ಕಳ್ಸೋ ಹೆಣ್ಮಕ್ಕಳ ಫೋಟೋದಲ್ಲಿ ಮೊಡವೆ ಅಳಿಸೋಕೆ ಆ ಯಜಮಾನರು ಫೇಮಸ್ಸು. ನೆಗೆಟಿವ್ ಮೇಲೇ ಪೆನ್ಸಿಲ್ ಆಡಿಸ್ತಾರೆ. ನಾನಾದ್ರೂ ಸುಮ್ನಿರ್ಬೇಕೋ ಬೇಡ್ವೋ? "ಕೊನೇ ಫೋಟೋ ಸ್ಪರ್ಧೆಗೆ ಸಾರ್, ಸ್ವಲ್ಪ ಸ್ಪೆಷಲ್ಲಾಗಿ ಮಾಡ್ಕೊಡಿ" ಅಂದೆ.

ಸೋಮವಾರ ಬೆಳಿಗ್ಗೆ ಯಜಮಾನರು ಕವರ್ ಕೊಟ್ರು. ಅಜ್ಜಿ, ಕುಕ್ಕೆ, ಹೂವು, ಎಲ್ಲಾ ಫಳಫಳ.

"ಸಾರ್... ದುಂಬಿ?"

"ಯಾವ ದುಂಬಿ? ಅಜ್ಜಿ ಗದ್ದದ ಹತ್ರ ಇಷ್ಟು ದಪ್ಪ ಮಚ್ಚೆ ಇತ್ತಲ್ಲಪ್ಪಾ, ಎರಡು ಗಂಟೆ ಕೂತು ತೆಗ್ದಿದೀನಿ. ಕಣ್ಣಿಟ್ಟು ಹುಡುಕು, ಗುರುತು ಸಿಕ್ರೆ ಕೇಳು."

ಹುಡುಕಿದೆ. ಬಾಗಿಲ ಬೆಳಕಿಗೆ ಹಿಡಿದು, ತಲೆಕೆಳಗು ಮಾಡಿ ಹುಡುಕಿದೆ. ಮನುಷ್ಯ ಸುಳ್ಳು ಹೇಳಿರ್ಲಿಲ್ಲ.

ರೂಮಿಗೆ ಬಂದ್ರೆ ನಲ್ಲಿ ಹತ್ರ ಸಲೀಮನ ಬೆಡ್‌ಶೀಟು ಆಗ್ಲೇ ನೆನೀತಿತ್ತು.