ಜೇಬಿನಲ್ಲಿದ್ದ ಕೈ

ನಾನು ಹೈಸ್ಕೂಲಿನಲ್ಲಿ ಹಿಂದಿ ಕಲಿಸಿ ನಿವೃತ್ತಳಾದವಳು. ಶಿವಮೊಗ್ಗದ ವಿದ್ಯಾನಗರದಲ್ಲಿ ಮನೆ. ನಿವೃತ್ತಿಯಾದ ಮರುವರ್ಷ ನಮ್ಮ ಚರ್ಚಿನ ಫಾದರ್ ಎರಡು ಗೆರೆಯ ಕಾಪಿ ಪುಸ್ತಕ ಹಿಡಿದುಕೊಂಡು ಬಂದು ನಮ್ಮ ಊಟದ ಮೇಜಿನ ಮುಂದೆ ಕುಳಿತರು.

"ಟೀಚರೇ, ನನಗೆ ಹಿಂದಿ ಹೇಳಿಕೊಡಿ. ಮಾಚೇನಹಳ್ಳಿ ಕಾರ್ಖಾನೆಗಳಲ್ಲಿ ಜಾರ್ಖಂಡದ ನಮ್ಮ ಜನ ಇದ್ದಾರೆ. ಭಾನುವಾರ ಪೂಜೆಗೆ ಬಂದು ಹಿಂದೆ ನಿಂತುಬಿಡ್ತಾರೆ. ಪಾಪನಿವೇದನೆ ಕೇಳೋಣ ಅಂದ್ರೆ ನನಗೆ ಭಾಷೆ ಬರಲ್ಲ."

"ನಾನೇ ಪಕ್ಕದಲ್ಲಿ ಕೂತು ಕನ್ನಡಕ್ಕೆ ಹೇಳ್ಲಾ ಫಾದರ್?" ಎಂದು ತಮಾಷೆ ಮಾಡಿದೆ.

"ಅವರ ಪಾಪ ಕಟ್ಕೊಂಡು ನಿಮಗೇನಾಗ್ಬೇಕು?" ಎಂದು ನಕ್ಕರು.

ಅವರಿಗೆ ಅರವತ್ತು ದಾಟಿತ್ತು. ಹಿಂದಿಯ ಲಿಂಗ ಅವರ ಬಾಯಲ್ಲಿ ಕೊನೆಗೂ ಸರಿಹೋಗಲಿಲ್ಲ. ರೊಟ್ಟಿಯನ್ನು ಗಂಡಸು ಮಾಡಿ, ನೀರನ್ನು ಹೆಂಗಸು ಮಾಡಿ ಮಾತಾಡುತ್ತಿದ್ದರು. ಆದರೂ ಮೂರು ತಿಂಗಳಲ್ಲಿ ಆ ಕೆಲಸಗಾರರು ಪೂಜೆ ಮುಗಿದ ಮೇಲೆ ಅವರ ಸುತ್ತ ಕೂತು ನಗುವಷ್ಟಾಯಿತು.

ಒಂದು ಬೆಳಿಗ್ಗೆ ಜಾರ್ಖಂಡದ ಹಳ್ಳಿಯೊಂದರ ಪಾದ್ರಿಗಳು ನಮ್ಮ ಫಾದರ್‌ಗೆ ಫೋನ್ ಮಾಡಿದರು. ಅವರ ಚರ್ಚಿಗೆ ಸೇರಿದವನೊಬ್ಬ ಮಾಚೇನಹಳ್ಳಿಯಲ್ಲಿ ದುಡಿಯುತ್ತಿದ್ದಾನೆ. ನಾಲ್ಕು ತಿಂಗಳಿಂದ ವಿಡಿಯೋ ಕಾಲ್‌ಗೆ ಬಂದಿಲ್ಲ. ಮಾಮೂಲಿ ಕರೆಯಲ್ಲಿ ಎರಡು ಮಾತಾಡಿ ಇಟ್ಟುಬಿಡುತ್ತಾನೆ. ಬೇರೆ ಯಾರನ್ನೋ ಇಟ್ಟುಕೊಂಡಿದ್ದಾನೆ ಎಂದು ಹೆಂಡತಿ ಅಳುತ್ತಿದ್ದಾಳೆ. ಒಮ್ಮೆ ಹೋಗಿ ನೋಡಿ ಎಂದು ಕೇಳಿಕೊಂಡು, ಅವನ ಮದುವೆಯ ಫೋಟೋ, ಹೆಂಡತಿಯ ಫೋನ್ ನಂಬರ್ ಕಳಿಸಿದರು.

ಫಾದರ್ ನನ್ನನ್ನೂ ಕರೆದುಕೊಂಡು ಹೊರಟರು. ನಮ್ಮ ಬೀದಿಯಲ್ಲೇ ಇರುವ ಆಟೋ ಸಾಬರು ಫೋಟೋ ನೋಡಿ, "ಮುಖ ಗೊತ್ತಿಲ್ಲಮ್ಮ. ಆದ್ರೆ ಆ ಕಡೆಯವರು ಇರೋ ರೂಮುಗಳು ಗೊತ್ತು, ನಡೀರಿ" ಎಂದರು.

ಶೀಟ್ ಹೊದಿಸಿದ ಸಾಲು ಕೋಣೆಗಳ ಮುಂದೆ ಅವನು ಒಬ್ಬನೇ ಕೂತಿದ್ದ. ಫಾದರನ್ನು ಕಂಡು ಎದ್ದು, "ಜೈ ಯೇಸು" ಎಂದು ಎಡಗೈ ಎತ್ತಿದ. ಬಲಗೈ ಪ್ಯಾಂಟಿನ ಜೇಬಿನಲ್ಲೇ ಇತ್ತು. ನಮಗೆ ಕುರ್ಚಿ ಎಳೆದು ಹಾಕುವಾಗಲೂ, ನೀರು ಕೊಡುವಾಗಲೂ ಅದು ಹೊರಗೆ ಬರಲಿಲ್ಲ. ನಾನು ಗಮನಿಸಿರಲಿಲ್ಲ. ಫಾದರ್ ಗಮನಿಸಿದ್ದರು.

"ಕೈ ತೋರಿಸಪ್ಪ" ಎಂದರು ತಮ್ಮ ಮುರುಕು ಹಿಂದಿಯಲ್ಲಿ.

ಮೆಲ್ಲಗೆ ಹೊರತೆಗೆದ. ಎರಡು ಬೆರಳು ಇರಲಿಲ್ಲ. ಪ್ರೆಸ್ ಮೆಷಿನ್ನಿಗೆ ಸಿಕ್ಕಿದ್ದವಂತೆ. ಗಾಯ ಮಾಯ್ದಿತ್ತು.

"ಮಗಳಿಗೆ ಐದು ವರ್ಷ. ನನ್ನ ಬೆರಳು ನೋಡಿಕೊಂಡೇ ಫೋನಿನಲ್ಲಿ ಎಣಿಕೆ ಕಲಿತಿದ್ದು ಅವಳು" ಎಂದ. "ಈ ಕೈ ಹೇಗೆ ತೋರಿಸಲಿ, ಟೀಚರ್‌ಜೀ?"

ನನ್ನ ಗಂಡ ಹದಿನಾರು ವರ್ಷ ಕುವೈತಿನಲ್ಲಿದ್ದರು. ಕಾಮಾಲೆಯಾಗಿ ಒಂದು ತಿಂಗಳು ಆಸ್ಪತ್ರೆಯಲ್ಲಿ ಮಲಗಿದ್ದದ್ದು ನನಗೆ ಗೊತ್ತಾದದ್ದು ಎರಡು ವರ್ಷದ ಮೇಲೆ, ಅದೂ ಅವರ ಗೆಳೆಯನ ಬಾಯಿಂದ. ಆಗ ಬಂದ ಸಿಟ್ಟು ಇವನ ಎದುರು ಮತ್ತೆ ಬಂತು.

ಫಾದರ್ ಉಪದೇಶ ಮಾಡಲಿಲ್ಲ. "ನಾನು ಕಾಲ್ ಮಾಡ್ತೀನಿ, ನೀನು ಪಕ್ಕದಲ್ಲಿ ಕೂತಿರು" ಎಂದು ಅವನ ಹೆಂಡತಿಗೆ ವಿಡಿಯೋ ಕಾಲ್ ಮಾಡಿದರು. ಅವಳು ಕಾಣಿಸಿಕೊಂಡಳು. ಅವನು ಬಲಗೈ ಎತ್ತಿ ಹಿಡಿದ. ಅವಳು ಫೋನಿನ ಹತ್ತಿರ ಬಗ್ಗಿ ನೋಡಿದಳು.

"ಈಗ ಯಾವ ಕೈಯಲ್ಲಿ ಊಟ ಮಾಡ್ತೀಯಾ?"

"ಎಡಗೈಯಲ್ಲಿ. ಚಮಚ ಇಟ್ಕೊಂಡಿದ್ದೀನಿ."

"ಬಟ್ಟೆ ಯಾರು ಒಗೀತಾರೆ?"

"ನಾನೇ."

"ನಾನು ಇಲ್ಲಿ ಕೂತು ಏನೇನೋ ಅಂದ್ಕೊಂಡೆ" ಎಂದು ಅವಳು ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಫಾದರ್ ಫೋನನ್ನು ಅವನ ಎಡಗೈಗೆ ಕೊಟ್ಟು ಎದ್ದರು. ನಾವಿಬ್ಬರೂ ಹೊರಗೆ ಆಟೋದ ಬಳಿ ಹೋಗಿ ನಿಂತೆವು. ಗಂಡ ಹೆಂಡತಿಯ ಮಾತು ಮುಗಿಯಲು ಒಂದು ಗಂಟೆ ಹಿಡಿಯಿತು. ಬೇರೆ ಬಾಡಿಗೆ ತಪ್ಪುತ್ತಿದ್ದರೂ ಸಾಬರು ಹೋಗೋಣ ಎನ್ನಲಿಲ್ಲ.

ಆಮೇಲೆ ಫಾದರ್ ಮೂರು ಸಲ ಮಾಲೀಕರ ಹತ್ತಿರ ಹೋಗಿ ಅವನನ್ನು ಮೆಷಿನ್ನಿನಿಂದ ಸ್ಟೋರ್ ಕೆಲಸಕ್ಕೆ ಹಾಕಿಸಿದರು. ಭದ್ರಾವತಿಯ ಚರ್ಚಿಗೆ ಬರುವ ತಮಿಳು ಮಾತಾಡುವ ಅಜ್ಜಿಯೊಬ್ಬರು ತಮ್ಮ ಮನೆಯ ಹಿಂದಿನ ಕೋಣೆ ಬಿಟ್ಟುಕೊಟ್ಟರು. ಕ್ರಿಸ್ಮಸ್‌ಗೆ ಒಂದು ವಾರ ಮುಂಚೆ ಹೆಂಡತಿ, ಮಗಳು ಭದ್ರಾವತಿ ಸ್ಟೇಷನ್ನಿನಲ್ಲಿ ಇಳಿದರು. ಮಗು ನಿದ್ದೆಗಣ್ಣಿನಲ್ಲಿತ್ತು. ಅಪ್ಪನ ಬಲಗೈ ಹಿಡಿದು ತಿರುಗಿಸಿ ನೋಡಿ, "ನೋವಾಗುತ್ತಾ?" ಎಂದಿತು. ಇಲ್ಲ ಎಂದಾಗ ಅವನ ಹೆಗಲ ಮೇಲೆ ಮಲಗಿಬಿಟ್ಟಿತು.

ಈ ಜೂನ್‌ನಲ್ಲಿ ಮಗಳನ್ನು ಸ್ಕೂಲಿಗೆ ಸೇರಿಸಿದರು. ಯೂನಿಫಾರ್ಮ್ ಬಟ್ಟೆಗೆಂದು ಅವಳ ಅಮ್ಮನನ್ನು ನಾನೇ ಶಿವಮೊಗ್ಗದ ಗಾಂಧಿ ಬಜಾರಿಗೆ ಕರೆದುಕೊಂಡು ಹೋದೆ. ಊರು ಹೊಸದು, ಪಾಪ, ಮೋಸ ಹೋದಾಳು ಎಂಬ ಚಿಂತೆ ನನ್ನದು. ಅವಳು ಅಂಗಡಿಯವರ ಜೊತೆ ಹಿಂದಿಯಲ್ಲಿ ಶುರುಮಾಡಿದಳು, ಅವರು ಉರ್ದುವಿನಲ್ಲಿ ಉತ್ತರಿಸಿದರು. ಐದೇ ನಿಮಿಷದಲ್ಲಿ ಅವರು ಇವಳನ್ನು ಬೇಟಿ ಎನ್ನತೊಡಗಿ ಚಹಾ ತರಿಸಿದರು. ಮೂವತ್ತು ವರ್ಷ ಹಿಂದಿ ಕಲಿಸಿದ ನಾನು ಚೀಲ ಹಿಡಿದುಕೊಂಡು ಪಕ್ಕದಲ್ಲಿ ನಿಂತಿದ್ದೆ.