ಶಾಂತವ್ವ ಕಾಕೂನ ಎಕ್ಕಿ ಅಕ್ಕ

ತೊರವಿಯ ನಮ್ಮ ಓಣಿಯಲ್ಲಿ ಸವತಿಗೆ ದಿನಾ ಮುಂಜಾನೆ ನೀರು ಹಾಕಿ ಕೈ ಮುಗಿಯುತ್ತಿದ್ದವಳು ಶಾಂತವ್ವ ಕಾಕು ಒಬ್ಬಳೇ. ಸವತಿ ಎಂದರೆ ಅವರ ಹಿತ್ತಲಿನ ಎಕ್ಕಿ ಗಿಡ. ಕಾಕು ಅದನ್ನು ‘ಅಕ್ಕ’ ಎನ್ನುತ್ತಿದ್ದಳು. “ಅಕ್ಕ ಇವತ್ತ ಸಿಟ್ಟಿಲೆ ಅದಾಳ, ಎಲಿ ಹರೀಬ್ಯಾಡ” ಎಂದರೆ ಗಿಡದಲ್ಲಿ ಹಾಲು ಜಾಸ್ತಿ ಇದೆ ಎಂದರ್ಥ.

ತಮಾಷೆಯಲ್ಲ, ಸಂಬಂಧ ಖರೇನೇ ಇತ್ತು. ಅವಳ ಗಂಡ ರಾಮಪ್ಪ ಕಾಕಾನಿಗೆ ಮೊದಲು ಇಬ್ಬರು ಹೆಂಡಿರು. ಇಬ್ಬರೂ ಬೇಗ ತೀರಿಹೋದರು. ಮೂರನೆಯ ಮದುವೆ ಆಗಿಬರುವುದಿಲ್ಲ ಎಂದು ಹಿರಿಯರ ನಂಬಿಕೆ. ಅದಕ್ಕೇ ಮೊದಲು ಎಕ್ಕಿ ಗಿಡಕ್ಕೆ ತಾಳಿ ಕಟ್ಟಿಸಿ, ಆಮೇಲೆ ಗಿಡ ಕಡಿದುಹಾಕುತ್ತಾರೆ. ಕೇಡು ಗಿಡದ ಜೊತೆ ಹೋಯಿತು, ಬರುವವಳು ನಾಲ್ಕನೆಯವಳು ಎಂದು ಲೆಕ್ಕ. ಕಾಖಂಡಕಿಯಿಂದ ಬಂದ ಈ ನಾಲ್ಕನೆಯವಳು, ಅರಿಷಿಣದ ಮೈಯಲ್ಲಿ ಕೂತವಳು, ಕುಡಗೋಲು ಎತ್ತಿದ ಕೂಡಲೇ ಬಾಯಿ ಬಿಟ್ಟಳಂತೆ: “ಈಗರ ತಾಳಿ ಕಟ್ಟೀರಿ, ಈಗ ಕಡೀತೀರಿ? ನನ್ನ ಸಲುವಾಗಿ ಇನ್ನೊಬ್ಬಾಕಿ ಸಾಯೂದು ಬ್ಯಾಡ. ಅಕ್ಕ ಇರ್ಲಿ.”

ಮದುಮಗಳು ಮಾತಾಡಿದ್ದಕ್ಕೇ ಮಂದಿ ಮೂಗಿನ ಮೇಲೆ ಬೆರಳಿಟ್ಟರು. ಗಿಡ ಉಳಿದರೆ ಇವಳು ಉಳಿಯುವುದಿಲ್ಲ, ವರ್ಷ ತುಂಬುವುದೂ ಕಷ್ಟ ಎಂದು ಹೇಳಿ, ಹುಗ್ಗಿ ಉಂಡು ಹೋದರು.

ಮರುವರ್ಷ ಅವಳಿಗೆ ಜ್ವರ ಬಂದು ಮೇಲೇಳದಂತಾಯಿತು. ಅತ್ತೆ ಕುಡಗೋಲು ಹಿಡಿದು ಹಿತ್ತಲಿಗೆ ಹೊರಟಳು. “ಅಕ್ಕನ್ನ ಮುಟ್ಟಿದ್ರ ನಾ ದವಾಖಾನಿಗೆ ಹೋಗಂಗಿಲ್ಲ” ಎಂದು ಕಾಕು ಹಾಸಿಗೆಯಿಂದಲೇ ಹಟ ಹಿಡಿದಳು. ಕಡೆಗೆ ಕಾಕಾ ಅವ್ವನ ಕೈಯಿಂದ ಕುಡಗೋಲು ಕಸಿದು, ಅದನ್ನೂ ಜೀಪಿನಲ್ಲಿ ಹಾಕಿಕೊಂಡೇ ಹೆಂಡತಿಯನ್ನು ವಿಜಯಪುರಕ್ಕೆ ಕರೆದೊಯ್ದ. ಡಾಕ್ಟರು ರೋಗಿಗಿಂತ ಮೊದಲು ಕುಡಗೋಲನ್ನೇ ನೋಡಿದರಂತೆ. ಟೈಫಾಯ್ಡ್ ಆಗಿತ್ತು. ವಾಸಿಯಾಗಿ ಬಂದವಳು ಮೊದಲು ಹಿತ್ತಲಿಗೆ ಹೋಗಿ ನೀರು ಹಾಕಿದಳು.

ಇದನ್ನು ಹೇಳುವಾಗ ಕಾಕು ಸುಳ್ಳು ಧೈರ್ಯ ತೋರಿಸುತ್ತಿರಲಿಲ್ಲ. “ಅಂಜಿಕಿ ಬಂದಿತ್ತವಾ. ಆದ್ರ ಅವತ್ತ ಅಂಜಿ ಕಡಿಸಿದ್ರ, ಮುಂದ ಕೆಮ್ಮಿದಾಗೊಮ್ಮೆ ಯಾರನ್ನ ಕಡೀಲಿ?”

ಆಡು ಮುಟ್ಟದ ಸೊಪ್ಪಿಲ್ಲ ಎನ್ನುತ್ತಾರೆ. ನಮ್ಮ ಓಣಿಯ ಆಡುಗಳು ಮಾತ್ರ ಆ ಗಿಡವನ್ನು ಮೂಸಿ ಮುಂದೆ ಹೋಗುತ್ತಿದ್ದವು. ಮನುಷ್ಯರು ಬಿಡುತ್ತಿರಲಿಲ್ಲ. ಶನಿವಾರ ಹಣಮಪ್ಪನಿಗೆ ಎಲೆಯ ಮಾಲೆ, ರಥಸಪ್ತಮಿಗೆ ತಲೆಯ ಮೇಲಿಟ್ಟು ಮೀಯಲು ಏಳು ಎಲೆ, ಕಾಲಲ್ಲಿ ಮುಳ್ಳು ಮುರಿದವರಿಗೆ ಒಂದು ಹನಿ ಹಾಲು, ಮೊಣಕಾಲು ಹಿಡಿದವರಿಗೆ ಔಡಲ ಎಣ್ಣೆ ಸವರಿ ಬೆಚ್ಚಗೆ ಮಾಡಿದ ಎಲೆ. ನಾನು ಗೋಳಗುಮ್ಮಟದ ಹತ್ತಿರ ಸೀರೆ ಅಂಗಡಿಯಲ್ಲಿ ದಿನವಿಡೀ ನಿಂತು ಹಿಮ್ಮಡಿ ನೋಯಿಸಿಕೊಂಡು ಬರುತ್ತಿದ್ದೆ. ಕಾಕು ಇಟ್ಟಂಗಿ ಕಾಯಿಸಿ, ಮೇಲೆ ಎಲೆ ಹಾಸಿ, “ಹಿಮ್ಮಡ ಇದರ ಮ್ಯಾಲ ಊರು! ಸೀರಿ ಮಾರೂ ಮುಂದ ಹಿಂಗ ಅಳ್ತೀಯೇನ?” ಎಂದು ಬೈಯುತ್ತಿದ್ದಳು. ನೋವು ಇಳಿಯುತ್ತಿತ್ತು, ಎಲೆಯಿಂದಲೋ ಬೈಗುಳದಿಂದಲೋ ಗೊತ್ತಿಲ್ಲ.

“ಅಕ್ಕ ಒಳ್ಳೆಕಿ, ಆಕಿ ಹಾಲು ಕೆಟ್ಟದ್ದು” ಎನ್ನುವುದು ಅವಳ ಮಾತು. ಆ ಹಾಲು ಕಣ್ಣಿಗೆ ಬಿದ್ದರೆ ದೃಷ್ಟಿ ಮಂಜಾಗುತ್ತದೆ ಎಂದು ಹತ್ತು ಸಲ ಹೇಳುತ್ತಿದ್ದಳು. ಒಂದು ದಿನ ನಾನೇ ಎಲೆ ಹರಿಯುತ್ತಿದ್ದಾಗ ತಿಕೋಟಾದಿಂದ ಅಣ್ಣನ ಫೋನು ಬಂತು, ಅವ್ವ ಹೋದಳು ಎಂದು. ಕಣ್ಣಿಗೆ ಕೈ ಒಯ್ಯುವಷ್ಟರಲ್ಲಿ ಕಾಕು ನನ್ನ ಎರಡೂ ಮಣಿಕಟ್ಟು ಗಟ್ಟಿಯಾಗಿ ಹಿಡಿದಳು.

“ಮೊದಲ ಕೈ ತೊಳಕೊ, ಆಮ್ಯಾಲ ಅಳುವಂತಿ. ನಾನೂ ಅಳ್ತೀನಿ.”

ಎಂಥ ಕಲ್ಲೆದೆಯ ಹೆಂಗಸಪ್ಪಾ ಎಂದು ಸಿಟ್ಟು ಬಂತು. ಕೈ ತೊಳೆಸಿದ ಮೇಲೆ ನನಗಿಂತ ಜಾಸ್ತಿ ಅತ್ತವಳು ಅವಳೇ.

ಈ ವರ್ಷ ಯುಗಾದಿ ಮುಗಿದ ವಾರ, ಮಧ್ಯಾಹ್ನ ಮಲಗಿದ ಕಾಕು ಏಳಲಿಲ್ಲ. ಮದುವೆಯಾಗಿ ನಲವತ್ತು ವರ್ಷ ದಾಟಿತ್ತು. ಮುತ್ತೈದೆಯ ಸಾವು, ಹಸಿರು ಬಳೆ ಇಡಿಸಿ ಕೂರಿಸಿದ್ದರು. ಕಾಕಾನ ಅಕ್ಕ, ಹಲ್ಲಿಲ್ಲದ ಮುದುಕಿ, ಗೋಡೆಗೆ ಒರಗಿ ಅಂದಳು: “ನಾ ಅವತ್ತೇ ಹೇಳಿದ್ನಿ. ಆ ಗಿಡಾ ಕಡದಿದ್ರ ಇಕಿ ಇನ್ನೂ ಇರ್ತಿದ್ಲು.”

ನನಗೆ ನಗೆಯೂ ಬಂತು, ಮೈಯೂ ಉರಿಯಿತು. ಕಾಕಾ ಎದ್ದು ಹಿತ್ತಲಿಗೆ ಹೋದ. ಕುಡಗೋಲು ಅಲ್ಲೇ ಗೂಟಕ್ಕೆ ನೇತಾಡುತ್ತಿತ್ತು. ಅಯ್ಯೋ ಶಿವನೇ, ಕಡಿದೇಬಿಡುತ್ತಾನೆ ಎಂದು ನಾನು ಹಿಂದೆಯೇ ಓಡಿದೆ.

ಅವನು ಕುಡಗೋಲು ಮುಟ್ಟಲಿಲ್ಲ. ಬರಿಗೈಯಿಂದ ಒಂದು ಗೊಂಚಲು ಹೂ ಮುರಿದು ತಂದು ಹೆಂಡತಿಯ ತುರುಬಿಗೆ ಸಿಕ್ಕಿಸಿದ. “ನಿಮ್ಮಕ್ಕ ಕೊಟ್ಟಾಳ, ಮುಡಕೋ” ಎಂದ. ಅಷ್ಟೇ, ಅವನ ಕಣ್ಣು ತುಂಬಿ ಹರಿಯಿತು. ಒರೆಸಿಕೊಳ್ಳಲು ಎತ್ತಿದ ಬೆರಳುಗಳ ಮೇಲೆ ಬಿಳಿ ಹಾಲು ಇಳಿಯುತ್ತಿತ್ತು.

ನಾನು ಅವನ ಎರಡೂ ಮಣಿಕಟ್ಟು ಹಿಡಿದೆ.

“ಮೊದಲ ಕೈ ತೊಳಕೋರಿ ಕಾಕಾ, ಆಮ್ಯಾಲ ಅಳುವಂತ್ರಿ. ನಾನೂ ಅಳ್ತೀನಿ.”