ಖಾಲಿ ಬಿಟ್ಟ ಎರಡು ವಾರ

ಕಳೆದ ವಾರ ವಿಜಯಪುರದಿಂದ ಬರುವ ಬಸ್ಸಿನಲ್ಲಿ ಪಕ್ಕ ಕೂತವರ ಕೈಯಿಂದ ಬೇವಿನೆಣ್ಣೆಯ ವಾಸನೆ ಬಂತು. ಒಂಬತ್ತು ವರ್ಷದ ಹಿಂದೆ ದೊಡ್ಡಬಳ್ಳಾಪುರದ ನಮ್ಮ ಮನೆಯ ಮಹಡಿಯಲ್ಲಿ ಬಾಡಿಗೆಗಿದ್ದ ಮೇಡಂ ನೆನಪಾದರು. ಸೊಳ್ಳೆ ಕಚ್ಚದಿರಲೆಂದು ಅದನ್ನೇ ಕೈಕಾಲಿಗೆ ಹಚ್ಚಿಕೊಂಡು, ಬೀದಿಯ ಮಗ್ಗಗಳ ಸದ್ದು ಏಳುವ ಮೊದಲೇ ಗೇಟು ತೆಗೆದು ಹೊರಡುತ್ತಿದ್ದರು.

ಅವರು ಪಕ್ಷಿ ವಿಜ್ಞಾನಿ. ಊರಾಚೆಯ ಕೆರೆಯ ಏರಿ ಮೇಲೆ ದಿನವೂ ಒಂದೇ ಜಾಗದಲ್ಲಿ ಎರಡು ಗಂಟೆ ಕೂತು ಹಕ್ಕಿ ಎಣಿಸುವುದು ಕೆಲಸ. ಪುಸ್ತಕದಲ್ಲಿ ಪ್ರತಿ ಹಕ್ಕಿಯ ಹೆಸರಿನ ಮುಂದೆ ಅಂದಿನ ಸಂಖ್ಯೆ ಬರೆಯಬೇಕು. ಒಂದೂ ಕಾಣದಿದ್ದರೆ ಸೊನ್ನೆ. ಖಾಲಿ ಬಿಡುವಂತಿಲ್ಲ, ಖಾಲಿ ಎಂದರೆ ನೋಡಲು ಹೋಗಲೇ ಇಲ್ಲ ಎಂದರ್ಥ. ಮೊದಲ ವರ್ಷ ಮನೆಗೆ ಬಂದೊಡನೆ ನನ್ನ ತಾಯಿಗೆ ವರದಿ ಒಪ್ಪಿಸುತ್ತಿದ್ದರು. ಬಾತು ಇಷ್ಟು, ಕೊಕ್ಕರೆ ಇಷ್ಟು, ಮಿಂಚುಳ್ಳಿ ಒಂದೇ... ಕಾರ್ಖಾನೆಯ ಕೊಳಕು ನೀರು ಕೆರೆಗೆ ಬೀಳತೊಡಗಿದ ಮೇಲೆ ಆ ಮಾತು ನಿಂತಿತು.

ಮೂರನೆಯ ವರ್ಷ ಅವರಿಗೆ ಊಟ ಸೇರದಾಯಿತು. ನಿದ್ದೆ ಬರುವುದಿಲ್ಲವೆಂದು ತಾಯಿಯ ಬಳಿ ಹೇಳಿಕೊಂಡರು. “ದಿನಾ ಕೆರೆ ಗಾಳಿ ಕುಡಿಯೋಳ್ಗೆ ಯಾವ ಚಿಂತೆ ಕಣವ್ವಾ,” ಎಂದು ತಾಯಿ ನಕ್ಕರು. ಮನಸ್ಸು ಸರಿಯಿಲ್ಲವೆಂದು ರಜೆ ಕೇಳಿದಾಗ ಬೆಂಗಳೂರಿನ ಮೇಲಧಿಕಾರಿಯೂ ಹೆಚ್ಚುಕಡಿಮೆ ಅದನ್ನೇ ಹೇಳಿದರಂತೆ: ನಾಲ್ಕು ಗೋಡೆ ನಡುವೆ ಕೂತವರಿಗೆ ಬೇಸರ ಬರಬಹುದು, ಬಯಲಲ್ಲಿ ಇರುವವರಿಗೆ ಏನು ಕಷ್ಟ? ರಜೆ ಸಿಗಲಿಲ್ಲ.

ಆಮೇಲೆ ಪುಸ್ತಕದಲ್ಲಿ ಎರಡು ವಾರ ಖಾಲಿ ಉಳಿಯಿತು. ಕೆಲಸಕ್ಕೆ ಹೋಗದೆ ವಂಚಿಸಿದ್ದಾರೆ ಎಂದು ನೋಟಿಸು ಬಂತು. ಒಂದು ಸಂಜೆ ಅದನ್ನು ಹಿಡಿದು ಕೆಳಗೆ ಬಂದರು. ನಾನು ಆಗ ಪತ್ರಿಕೆಯೊಂದರ ತಾಲ್ಲೂಕು ವರದಿಗಾರ.

“ದಿನಾ ಹೋಗಿದ್ದೆ ಸರ್. ಅಲ್ಲಿ ಏನೂ ಇರ್ಲಿಲ್ಲ. ಸೊನ್ನೆ ಬರೆಯೋಕೆ ಕೈ ಬರ್ಲಿಲ್ಲ, ಅಷ್ಟೇ. ನಾನು ಕೆರೆಗೆ ಹೋಗ್ತಿದ್ದೆ ಅಂತ ಒಂದು ಸಾಲು ಬರ್ಕೊಡಿ. ನಿಮ್ಮ ಮಾತು ನಂಬ್ತಾರೆ.”

ನೀವು ಗೇಟು ದಾಟಿದ್ದನ್ನು ನೋಡಿದ್ದೇನೆ, ಕೆರೆಯಲ್ಲಿ ನೋಡಿಲ್ಲ, ನೋಡದ್ದನ್ನು ಬರೆಯಲಾರೆ ಎಂದೆ.

“ಸರಿ ಸರ್. ನಮ್ಮಲ್ಲೂ ಅದೇ ನಿಯಮ,” ಎಂದು ಮೆಟ್ಟಿಲು ಹತ್ತಿದರು.

ನನಗೆ ಆ ಸಂಜೆ ನನ್ನ ಬಗ್ಗೆ ಹೆಮ್ಮೆಯೇ ಆಗಿತ್ತು. ಗೇಟು ದಾಟಿದ್ದನ್ನಾದರೂ ಬರೆದುಕೊಡಬಹುದಿತ್ತು, ಅದೂ ಹೊಳೆಯಲಿಲ್ಲ. ತಿಂಗಳೊಳಗೆ ಅವರ ಕೆಲಸ ಹೋಯಿತು. ಅವರ ಅಣ್ಣ ಬಂದು ಕರೆದುಕೊಂಡು ಹೋದರು. ಆಟೋ ಹತ್ತುವಾಗ ತಾಯಿ ಮಾತಾಡಿಸಿದರು, ಅವರು ತಿರುಗಿ ನೋಡಲಿಲ್ಲ... ಈಗ ಇದ್ದಾರೋ ಇಲ್ಲವೋ ತಿಳಿಯದು. ಹಳೆಯ ಫೋನ್ ನಂಬರು ಚಾಲ್ತಿಯಲ್ಲಿಲ್ಲ.

ಬಸ್ಸಿಳಿದವನು ಅಂದೇ ಕೆರೆಯ ಕಡೆ ಹೋದೆ. ಏರಿಯ ಕೆಳಗೆ ಅಜ್ಜಿಯೊಬ್ಬರು ಹಸುವಿಗೆ ಹುಲ್ಲು ಕೊಯ್ಯುತ್ತಿದ್ದರು. ಹಕ್ಕಿ ಎಣಿಸುತ್ತಿದ್ದ ಮೇಡಂ ಗೊತ್ತೇ ಎಂದು ಕೇಳಿದೆ.

“ಗೊತ್ತಿಲ್ದೆ ಏನಪ್ಪಾ. ಒಂದಿನಾನೂ ತಪ್ಪಿಸ್ದೋರಲ್ಲ. ಕಡೆಕಡೆಗೆ ಬುಕ್ಕು ತೊಡೆ ಮೇಲಿಟ್ಕಂಡು ಸುಮ್ನೆ ಅಳೋರು. ನಾನೇ ನೀರು ಕೊಡ್ತಿದ್ದೆ. ಯಾರಾದ್ರೂ ಬಂದು ಕೇಳಿದ್ರೆ ಹೇಳ್ತಿದ್ದೆ.”

ನಮ್ಮ ಮನೆಯಿಂದ ಆ ಕೆರೆಗೆ ಸ್ಕೂಟರಿನಲ್ಲಿ ಹತ್ತು ನಿಮಿಷ.